ಏರಿಯ ತಾಳೆ, ಪೊಂಗಲ್ಲಿನ ಕಿಳಂಗು

ಕೆರೆ ಏರಿಯ ತಾಳೆಮರಗಳನ್ನು ಕಡಿಸಿದವರು ಈ ಊರಿನ ತಟ್ಟೆಯಿಂದ ವರ್ಷದ ಮೂರು ಕಾಲಗಳನ್ನು ಕಿತ್ತುಕೊಂಡಿದ್ದಾರೆ. ರಸ್ತೆ ಅಗಲವಾಗಬೇಕಿತ್ತು ಎಂಬುದು ಅವರ ಸಮಜಾಯಿಷಿ. ಯಾರನ್ನು ಕೇಳಿ ಕಡಿಸಿದಿರಿ ಎಂದರೆ ರಸ್ತೆಯ ನಕ್ಷೆ ತೋರಿಸುತ್ತಾರೆ.

ನಾನು ಗದಗಿನವಳು. ಕಾಲೇಜಿನಲ್ಲಿ ಪಾಠ ಹೇಳಲು ತಮಿಳುನಾಡಿನ ಕುನ್ನತ್ತೂರಿನಾಚೆಯ ಈ ಊರಿಗೆ ಬಂದು, ಚೌಡಮ್ಮನವರ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೇನೆ. ಅವರದು ತಲೆಮಾರುಗಳಿಂದ ಇಲ್ಲಿರುವ ನೇಕಾರ ಕುಟುಂಬ. ಮನೆಮಾತು ಕನ್ನಡ, ಅಕ್ಷರ ಮಾತ್ರ ತಮಿಳು.

ಮೊದಲ ಬೇಸಿಗೆಯಲ್ಲಿ ಅವರು ಅಂಗೈಗಿಟ್ಟ ನುಂಗು, ಅಂದರೆ ಎಳೆ ತಾಳೆಕಾಯಿಯೊಳಗಿನ ತಾಟಿನಿಂಗು, ಜೀವವಿದ್ದಂತೆ ನಡುಗಿದಾಗ ಕೈ ಹಿಂದಕ್ಕೆಳೆದುಕೊಂಡಿದ್ದೆ. ಆಡಿ ತಿಂಗಳಲ್ಲಿ, ನಮ್ಮ ಆಷಾಢದ ಹೊತ್ತಿಗೆ, ಅದೇ ಮರದ ಹಣ್ಣನ್ನು ಸುಟ್ಟು ಕೊಟ್ಟರು. ನಾರು ಹಲ್ಲಿಗೆ ಸಿಕ್ಕಿಕೊಂಡರೂ ಗೊರಟೆಯಷ್ಟೇ ಉಳಿಯುವವರೆಗೆ ಚೀಪಿದೆ.

“ಓಟೆ ಎಲ್ಲಿ, ಅಮ್ಮಿಣಿ?” ಎಂದರು. ಹೆಣ್ಣುಮಕ್ಕಳನ್ನು ಇಲ್ಲಿ ಅಕ್ಕರೆಯಿಂದ ಹಾಗೆ ಕರೆಯುತ್ತಾರೆ.

“ಕಸಕ್ಕ ಒಗದೆ.”

“ನಲ್ಲಾ ಇದೆ! ಪೊಂಗಲ್ ಹಬ್ಬಾನೇ ಕುಪ್ಪೆಗೆ ಹಾಕ್ಬಿಟ್ಟು ಬಂದವ್ಳೆ. ನಿಮ್ಮೂರಲ್ಲಿ ಹಬ್ಬಕ್ಕೆ ಏನ್ ತಿಂತೀರಿ, ಪುಸ್ತಕಾನಾ?”

“ಸೀತನಿ ತಿಂತೀವ್ರಿ. ಎಳೇ ಜೋಳದ ತೆನಿ ಸುಟ್ಟು. ಅದರ ರುಚಿ ನಿಮಗೇನ್ ಗೊತ್ತೈತ್ರಿ?”

“ಗೊತ್ತಿಲ್ಲ. ತಂದು ಕೊಡು, ಆಮೇಲೆ ಮಾತಾಡು.”

ಓಟೆಗಳನ್ನು ಹಿತ್ತಲಲ್ಲಿ ಹೂಳುವುದು ಈ ಮನೆಯ ರೂಢಿ. ಪೊಂಗಲ್ ಹೊತ್ತಿಗೆ ಅವು ಮೊಳೆತು ಗೇಣುದ್ದದ ಗೆಡ್ಡೆಯಾಗುತ್ತವೆ. ಅದೇ ಕಿಳಂಗು. ಉಪ್ಪು, ಅರಿಸಿನ ಹಾಕಿ ಬೇಯಿಸಿ, ಮನೆದೇವರ ಮುಂದಿಟ್ಟು, ಮಗ್ಗ ನಿಲ್ಲಿಸಿ ಎಲ್ಲರೂ ತಿನ್ನುತ್ತಾರೆ. ನಮ್ಮಲ್ಲಿ ಕಾಲವನ್ನು ಹೊಲ ಹೇಳಿದರೆ ಇಲ್ಲಿ ಮರ ಹೇಳುತ್ತದೆ. ಹನ್ನೆರಡು ತಿಂಗಳೂ ಒಂದೇ ಎಲೆಕೋಸು ಬಡಿಸುವ ಕಾಲೇಜು ಕ್ಯಾಂಟೀನಿನಲ್ಲಿ, ನನ್ನ ಡಬ್ಬಿಯ ಕಿಳಂಗನ್ನು ನಾನು ಹೆಮ್ಮೆಯಿಂದಲೇ ತೆರೆದಿಟ್ಟಿದ್ದೇನೆ. ಸೀತನಿಯ ನಾಡಿನವಳಿಗೆ ಈ ಹೆಮ್ಮೆ ಹೊಸದಲ್ಲ, ಮರ ಮಾತ್ರ ಹೊಸದು.

ಈ ಆಡಿಯ ಹಣ್ಣು ಉದುರಿದ ಮೇಲೆ ಗರಗಸ ಬಂತು. ಏರಿಯ ಮೇಲೆ ಈಗ ಬುಡಗಳಷ್ಟೇ ಉಳಿದಿವೆ. ನಾವು ಆಯ್ದಿಟ್ಟ ಓಟೆಗಳು ಒಂದು ಚೀಲದಷ್ಟಿವೆ.

“ಈ ಸಲ ಹಿತ್ತಲು ಬೇಡ. ಏರಿ ಮೇಲೇ ಹೂಳೋಣ,” ಎಂದರು ಚೌಡಮ್ಮ.

“ಪೊಂಗಲ್‌ಗೆ ಕಿಳಂಗು?”

“ಒಂದು ಹಬ್ಬ ಬಾಯಿ ಕಟ್ಟಿದ್ರೆ ಸಾಯಲ್ಲ. ಇವು ಕಾಯಿ ಬಿಡೋವಾಗ ನಾನಿರಲ್ಲ. ನೀ ಇರ್ತೀಯಾ, ಇಲ್ಲ ನಿಮ್ಮೂರಿಗೆ ಓಡ್ತೀಯಾ?”

ನಾನು ಚೀಲದ ಬಾಯಿ ಕಟ್ಟುತ್ತ ಕುಳಿತೆ.

ಊರಾಡಳಿತಕ್ಕೆ ತಮಿಳಿನಲ್ಲಿ ಸಲ್ಲಿಸಿದ ಮನವಿಯನ್ನು, ಗದಗಿನಲ್ಲಿರುವ ನನ್ನವರೂ ಓದಲೆಂದು, ಇಲ್ಲಿ ಕನ್ನಡದಲ್ಲಿ ಇಡುತ್ತಿದ್ದೇನೆ. ಮರ ಕಡಿಯಲು ಅನುಮತಿ ಕೊಟ್ಟವರು ಯಾರೆಂದು ಲಿಖಿತವಾಗಿ ತಿಳಿಸಿ. ಏರಿಯ ಕೆರೆ ಬದಿಯ ಅಂಚನ್ನು ತಾಳೆಗೆ ಮೀಸಲಿಡಿ. ಓಟೆಗಳು ನಮ್ಮಲ್ಲಿವೆ, ಹೂಳುವ ಕೈಗಳೂ ಇವೆ. ಚೌಡಮ್ಮನವರ ಪ್ರಶ್ನೆಗೆ ನಾನಿನ್ನೂ ಉತ್ತರಿಸಬೇಕಿದೆ. ಅದಕ್ಕೂ ಮೊದಲು ಊರಾಡಳಿತದವರಾದ ನೀವು ಉತ್ತರಿಸಬೇಕೆಂದು ಕೋರುತ್ತೇನೆ.