ಹಿಂದಿನ ಸಾಲಿನ ಅಳು

ಸತ್ತವರು ಬಂದರು, ಮಾತಾಡಿದರು ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಹೊಸೂರಿನ ಪಕ್ಕದ ನಮ್ಮ ತಳಿ ಊರಿನ ಕಡೆ ಇಂಥ ಕಥೆಗಳಿಗೆ ಬರವಿಲ್ಲ. ಹೊಸೂರಿನ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ನನಗೆ ಅವುಗಳಲ್ಲಿ ಒಂದರ ಮೇಲೂ ನಂಬಿಕೆ ಹುಟ್ಟಿರಲಿಲ್ಲ. ಈಗಲೂ ನಿಮ್ಮನ್ನು ನಂಬಿಸಲು ಹೊರಟಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ನನಗೂ ಅಮ್ಮನಿಗೂ ಆದದ್ದನ್ನು ಆದ ಹಾಗೆಯೇ ಹೇಳುತ್ತೇನೆ.

ಅಪ್ಪ ಹೋದ ಮೇಲೆ ನಮ್ಮ ಗುಲಾಬಿ ತೋಟವನ್ನು ನೋಡಿಕೊಳ್ಳುತ್ತಿದ್ದವನು ತಮ್ಮ ಶಿವು. ಅವನಿಗೆ ಒಬ್ಬ ಸಿನಿಮಾ ನಟಿಯ ಹುಚ್ಚು. ಮೊದಮೊದಲು ನಾವೂ ರೇಗಿಸಿ ನಗುತ್ತಿದ್ದೆವು. ಆಮೇಲೆ ಅವಳು ತನಗಾಗಿಯೇ ಫೋಟೊ ಹಾಕುತ್ತಾಳೆ, ಹಳದಿ ಸೀರೆ ಉಟ್ಟರೆ ಅದು ತನಗೆ ಕೊಟ್ಟ ಸೂಚನೆ ಎನ್ನತೊಡಗಿದ. ಡಾಕ್ಟರಿಗೆ ತೋರಿಸಿದೆವು. ಕೊಟ್ಟ ಮಾತ್ರೆಯನ್ನು ನುಂಗಿದ ಹಾಗೆ ಮಾಡಿ ಹಿತ್ತಲಲ್ಲಿ ಉಗುಳುತ್ತಿದ್ದ.

ಒಂದು ದಿನ ತೋಳು ತುಂಬ ಗುಲಾಬಿ ಹಿಡಿದು ಬೆಂಗಳೂರಿಗೆ ಹೋದವನು ಅವಳ ಮನೆಯ ಕಾಂಪೌಂಡು ಹಾರಿದ. ಕಾವಲಿನವರು ಹಿಡಿದು ಬಡಿದರು. ಜೇಬಿನಲ್ಲಿ ಹೂ ಕತ್ತರಿಸುವ ಕತ್ತರಿ ಸಿಕ್ಕಿತು. ಟಿವಿಯವರು ಆ ಕತ್ತರಿಯನ್ನು ದೊಡ್ಡದು ಮಾಡಿ ತೋರಿಸಿ ‘ಅಪಾಯಕಾರಿ ಅಭಿಮಾನಿ’ ಎಂದರು. ಹೂವನ್ನು ಯಾರೂ ತೋರಿಸಲಿಲ್ಲ. ಆ ಹುಡುಗಿ ಹೆದರಿದ್ದು ಸುಳ್ಳಲ್ಲ. ನನ್ನ ಮನೆಗೆ ಯಾರೋ ಗೋಡೆ ಹಾರಿ ಬಂದರೆ ನಾನೂ ಕಿರುಚುತ್ತಿದ್ದೆ. ಆದರೆ ಅವನು ನನ್ನ ತಮ್ಮ.

ಜಾಮೀನಿನ ಮೇಲೆ ಬಂದವನು ಯಾರ ಮುಖವನ್ನೂ ನೋಡಲಿಲ್ಲ. ಅಮ್ಮ ತುತ್ತು ಮಾಡಿ ಬಾಯಿಗಿಟ್ಟರೆ ಉಣ್ಣುತ್ತಿದ್ದ, ಅಷ್ಟೆ. ಕೆಲವು ವಾರ ಕಳೆದು, ಮಾರ್ಕೆಟ್ಟಿಗೆ ಹೂ ಹಾಕಿ ಬರುತ್ತೇನೆಂದು ಬೈಕಿನಲ್ಲಿ ಹೋದವನು ತಿರುವಿನಲ್ಲಿ ಲಾರಿಗೆ ಸಿಕ್ಕಿ ಸತ್ತ. ಅಪಘಾತ ಎಂದರು. ನಾವೂ ಹಾಗೆಯೇ ಅಂದುಕೊಂಡೆವು.

ಮರುವರ್ಷ ಒಂದು ತಮಿಳು ಸಿನಿಮಾ ಬಂತು. ನಟಿಯ ಬೆನ್ನುಬಿದ್ದ ಅಭಿಮಾನಿಯೊಬ್ಬ ಕೊಲೆಗಾರನಾಗುವ ಥ್ರಿಲ್ಲರ್. ಪೋಸ್ಟರು ಕಂಡ ಕಡೆಯೆಲ್ಲ ನಾನು ತಲೆ ತಗ್ಗಿಸಿ ನಡೆಯುತ್ತಿದ್ದೆ. ಅಮ್ಮನೇ ಕೇಳಿದಳು:

“ಆ ಸಿನಿಮಾಕ್ಕೆ ನನ್ನ ಕರ್ಕೊಂಡು ಹೋಗಮ್ಮಿ.”

“ಬ್ಯಾಡಮ್ಮ. ಅದೆಲ್ಲ ಯಾಕೆ ನಿಂಗೆ?”

“ನಮ್ಮ ಹುಡುಗ ಯಾಕಂಗಾದ ಅಂತ ಅದ್ರಲ್ಲಿ ಹೇಳಿರ್ತಾರೇನೋ. ನಂಗಂತೂ ಗೊತ್ತಾಗ್ಲೇ ಇಲ್ಲ.”

ಕರೆದುಕೊಂಡು ಹೋದೆ. ಹೊಸೂರಿನ ಹಳೇ ಥಿಯೇಟರು, ಮ್ಯಾಟನಿ ಆಟ. ಗುರುತಿನವರು ನೋಡಿಯಾರೆಂದು ಬಾಲ್ಕನಿಯ ಬಾಗಿಲ ಪಕ್ಕ ಕೂತೆವು. ನಮ್ಮ ಹಿಂದೆ ಇದ್ದದ್ದು ಒಂದೇ ಸಾಲು. ಅದು ಖಾಲಿ ಇದೆಯೆಂದು ನೋಡಿಯೇ ಕೂತಿದ್ದೆ.

ಸಿನಿಮಾ ಅಮ್ಮನಿಗೆ ಏನನ್ನೂ ಹೇಳಲಿಲ್ಲ. ತೆರೆಯ ಮೇಲಿನ ಅಭಿಮಾನಿ ಯಾಕೆ ಹಾಗಾದ ಎಂಬುದು ಅದರಲ್ಲಿ ಇರಲೇ ಇಲ್ಲ. ಹಲ್ಲು ಕಿರಿಯುತ್ತಿದ್ದ, ಕೊಲ್ಲುತ್ತಿದ್ದ. ಕೊನೆಗೆ ಪೊಲೀಸರು ಅವನನ್ನು ಗುಂಡಿಕ್ಕಿ ಕೆಡವಿದಾಗ ಕೆಳಗಿನ ಹುಡುಗರೆಲ್ಲ ಎದ್ದುನಿಂತು ಸಿಳ್ಳೆ ಹೊಡೆದರು, ಚಪ್ಪಾಳೆ ತಟ್ಟಿದರು.

ಆ ಗದ್ದಲದ ನಡುವೆ ನಮ್ಮ ಬೆನ್ನ ಹಿಂದೆ ಯಾರೋ ಅತ್ತರು.

ಶಿವು ಚಿಕ್ಕಂದಿನಿಂದಲೂ ಅಳುವಾಗ ಉಸಿರನ್ನು ಒಳಗೆಳೆದು ಹಿಡಿದುಬಿಡುತ್ತಿದ್ದ. ನೋಡುವವರಿಗೆ ಜೀವ ಹೋಯಿತೇನೋ ಅನಿಸಬೇಕು, ಅಷ್ಟು ಹೊತ್ತು. ಆಮೇಲೆ ಸಣ್ಣಗೆ ನರಳಿದ ಹಾಗೆ ದನಿ ಹೊರಡುತ್ತಿತ್ತು. ನಾನು ಕೇಳಿದ್ದು ಅದನ್ನೇ. ಒಂದು ಸಲವಲ್ಲ, ಮತ್ತೆ ಮತ್ತೆ. ತಿರುಗಿ ನೋಡಲು ಕುತ್ತಿಗೆಯೇ ಬರಲಿಲ್ಲ. ನನ್ನ ತಲೆ ಕೆಟ್ಟಿದೆ ಅಂದುಕೊಂಡೆ.

ಪಕ್ಕಕ್ಕೆ ಕಣ್ಣು ಹೊರಳಿಸಿದರೆ ಅಮ್ಮ ಆಗಲೇ ತಿರುಗಿದ್ದಳು. ಸೀಟಿನ ಮೇಲಿಂದ ಹಿಂದಿನ ಕತ್ತಲಿಗೆ ಕೈ ಚಾಚಿ, ಮಗು ಮಲಗಿಸುವ ದನಿಯಲ್ಲಿ ಹೇಳುತ್ತಿದ್ದಳು:

“ಅಳ್ಬ್ಯಾಡ ಕಣ್ಲಾ ಶಿವು. ಅದು ನೀನಲ್ಲ. ಸಿನಿಮಾ ಕಣ್ಲಾ ಅದು.”

ಉಸಿರು ಒಮ್ಮೆ ಬಿಕ್ಕಿತು. ಆಮೇಲೆ ಏನೂ ಕೇಳಿಸಲಿಲ್ಲ.

ದೀಪ ಹತ್ತಿದಾಗ ಹಿಂದಿನ ಸಾಲಿನಲ್ಲಿ ಯಾರೂ ಇರಲಿಲ್ಲ. ಹೊರಗೆ ಹೋಗುವವರು ನಮ್ಮನ್ನು ದಾಟಿಯೇ ಹೋಗಬೇಕಿತ್ತು. ಯಾರೂ ದಾಟಿರಲಿಲ್ಲ. ಬಾಗಿಲಲ್ಲಿದ್ದವನನ್ನು ಕೇಳಿದೆ. ಆ ಸಾಲಿಗೆ ಇವತ್ತು ಯಾರನ್ನೂ ಬಿಟ್ಟಿಲ್ಲಮ್ಮ ಎಂದು ತಮಿಳಿನಲ್ಲಿ ಹೇಳಿ, ನನ್ನ ಮುಖವನ್ನೇ ನೋಡಿದ.

ತಳಿ ಬಸ್ಸಿನಲ್ಲಿ ಅಮ್ಮ ಬಲಗೈಯನ್ನು ಮುಷ್ಟಿ ಕಟ್ಟಿ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಹೊಸೂರು ದಾಟಿದ ಮೇಲೆ ಹೇಳಿದಳು: “ಕೆನ್ನೆ ಒದ್ದೆಯಾಗಿತ್ತು ಕಣಮ್ಮಿ. ಜ್ವರ ಬಂದಂಗೆ ಬೆಚ್ಚಗಿತ್ತು.”

ನಾನು ಆ ಮುಷ್ಟಿ ಬಿಡಿಸಿ ನೋಡಿದೆ. ಅಂಗೈ ಒದ್ದೆಯಾಗಿತ್ತು. ಬೆವರಿರಬಹುದು. ದುಃಖದಲ್ಲಿರುವ ಇಬ್ಬರಿಗೆ ಒಂದೇ ಭ್ರಮೆ ಆಗಿರಬಹುದು. ಹಾಗೆಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಪೂರ್ತಿ ಒಪ್ಪಲು ಇವತ್ತಿಗೂ ಆಗಿಲ್ಲ.

ಅಮ್ಮನಿಗೆ ಅಂಥ ಅನುಮಾನವೇ ಇರಲಿಲ್ಲ. ಅವಳ ಸಂಕಟವೇ ಬೇರೆ. ಕಿಟಕಿಯಾಚೆ ನೋಡುತ್ತ ಕೇಳಿದಳು: “ಹೋದ್ಮೇಲೂ ಅಳ್ತಾವ್ನಲ್ಲಮ್ಮಿ. ಅಲ್ಲಿ ಅವನ್ನ ಯಾರು ಸಮಾಧಾನ ಮಾಡ್ತಾರೆ?”