ಕಿಟಕಿಯ ಬಳಿ ಬಣ್ಣದಕ್ಕ

ಬಟ್ಟೆಗೆ ಬಣ್ಣ ಹಾಕುವ ನಮ್ಮ ಕಾರ್ಖಾನೆಯಲ್ಲಿ ಅವಳಿಗೆ ಬಣ್ಣದಕ್ಕ ಅಂತಲೇ ಹೆಸರು. ಗಿರಾಕಿ ಕೊಟ್ಟ ತುಂಡಿಗೂ ನಾವು ಅದ್ದಿ ತೆಗೆದ ತುಂಡಿಗೂ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಹಿಡಿಯುತ್ತಾಳೆ. ಟ್ಯೂಬ್‌ಲೈಟನ್ನು ನಂಬುವ ಹೆಂಗಸಲ್ಲ. ಎರಡನ್ನೂ ಕಿಟಕಿಗೆ ಒಯ್ದು ಬಿಸಿಲಿಗೆ ಹಿಡಿದ ಮೇಲೆಯೇ ತೀರ್ಪು. ಪಕ್ಕದ ಮೇಜಿನ ನನಗೆ ಈ ಹಟದಿಂದ ತಲೆಚಿಟ್ಟು ಹಿಡಿದದ್ದು ಒಂದೆರಡು ಸಲವಲ್ಲ.

ಇಬ್ಬರು ಮಕ್ಕಳಿಗೆ ಹಾಲೂಡಿಸಿ ಜೋತುಬಿದ್ದ ಎದೆಯನ್ನು ಸರಿಮಾಡಿಸಿಕೊಳ್ಳಬೇಕೆಂಬುದು ಅವಳ ಬಹುದಿನದ ಆಸೆ. ಗಂಡ ಬೇಡವೆನ್ನಲಿಲ್ಲ. ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಆರನೇ ವಾರದ ಹೊತ್ತಿಗೆ ಹೊಲಿಗೆಯ ಗೆರೆ ಕಂದುಬಣ್ಣಕ್ಕೆ ತಿರುಗಿತು, ತೊಟ್ಟಿನ ಸುತ್ತ ಒಂದು ಕಡೆ ಬೆಳ್ಳಗಾಯಿತು. ಅಲ್ಲಿಂದ ಶುರುವಾಯಿತು ನೋಡಿ. ದಿನಾ ಊಟದ ಬಿಡುವಿನಲ್ಲಿ ಸ್ಯಾಂಪಲ್ ಕೋಣೆಯ ಚಿಲಕ ಹಾಕಿ, ತೆರೆದ ಕಿಟಕಿಯ ಬಳಿ ಅಂಗಿ ಬಿಚ್ಚಿ, ತಿಳಿಯಿಂದ ಗಾಢಕ್ಕೆ ಏರುವ ಬಣ್ಣದ ಪಟ್ಟಿಯನ್ನು ಗೆರೆಯ ಪಕ್ಕ ಹಿಡಿಯುವಳು. ಕಲೆ ಪಟ್ಟಿಯ ಮೇಲೆ ವಾರಕ್ಕೊಂದು ಮನೆ ಗಾಢವಾಗುತ್ತಿತ್ತು. ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. ಒಂದು ದಿನ ಇಡೀ ತೊಟ್ಟಿಯ ನೀಲಿ ಬಣ್ಣವನ್ನೇ ಕೆಡಿಸಿದಳು.

ಕಲೆ ಹೋಗಲಿ, ಆಮೇಲೆ ನೋಡುವಿರಂತೆ ಎಂದು ಗಂಡನಿಗೆ ಹೇಳಿದ್ದಳು. ಅವನು ಒಂದೆರಡು ಸಲ ಕೇಳಿದ. ಆಮೇಲೆ ಕೇಳುವುದನ್ನೇ ಬಿಟ್ಟು ಹಾಸಿಗೆಯನ್ನು ಹಜಾರಕ್ಕೆ ಹಾಕಿಕೊಂಡ. ಈ ಕಲೆಯ ದೆಸೆಯಿಂದ ಅವನೂ ದೂರವಾಗಿಬಿಟ್ಟರೆ ಎಂಬ ಭಯ ಅವಳನ್ನು ತಿನ್ನುತ್ತಿತ್ತು.

ನಾಲ್ಕನೇ ತಿಂಗಳು ನಾನೇ ಬೈದು ಆಸ್ಪತ್ರೆಗೆ ಎಳೆದುಕೊಂಡು ಹೋದೆ. ನರ್ಸಮ್ಮ ನೋಡಿ, ಬಿಸಿಲು ಬಿದ್ದಿದೆಯಾ ಎಂದು ಕೇಳಿದರು. ಇವಳು ಹೆಮ್ಮೆಯಿಂದಲೇ ಕಿಟಕಿ, ಪಟ್ಟಿ ಎಲ್ಲದರ ವರದಿ ಒಪ್ಪಿಸಿದಳು.

"ಹೊಸ ಗಾಯಕ್ಕೆ ಬಿಸಿಲು ತಾಗಿದ್ರೆ ಕಪ್ಪಾಗತ್ತಮ್ಮ. ನೀವು ದಿನಾ ನೋಡಿ ನೋಡಿನೇ ಅದನ್ನ ಕಪ್ಪು ಮಾಡ್ಕೊಂಡಿದೀರಿ."

ಮುಚ್ಚಿಟ್ಟರೆ ವರ್ಷದಲ್ಲಿ ತಿಳಿಯಾದೀತು, ಬೆಳ್ಳಗಾದ ಕಡೆ ಬಣ್ಣ ಬಂದರೂ ಬಂತು, ಇಲ್ಲದಿದ್ದರೆ ಇಲ್ಲ ಎಂದರು. ವಾಪಸು ಬರುವಾಗ ಬಣ್ಣದಕ್ಕ ಚೀಲದಿಂದ ಬಣ್ಣದ ಪಟ್ಟಿ ತೆಗೆದು ನನ್ನ ಕೈಗೆ ಕೊಟ್ಟುಬಿಟ್ಟಳು.

ಆ ಸಂಜೆಯದನ್ನು ಮರುದಿನ ಅವಳೇ ಹೇಳಿದಳು. ಗಂಡನನ್ನು ಕೋಣೆಗೆ ಕರೆದು, ಎಲ್ಲ ಹೇಳಿ, ಇನ್ನು ನೋಡುವ ಧೈರ್ಯ ತನಗಿಲ್ಲ, ನೀವೇ ನೋಡಿ ಎಂದಳಂತೆ. ಅವನು ಕಿಟಕಿಯ ಪರದೆ ಎಳೆದು, ಬಾಗಿಲ ಬಳಿಯೇ ನಿಂತುಕೊಂಡ.

"ನಾನು ನೋಡಿದ್ರೂ ಕಪ್ಪಾಗತ್ತೆ ಅಂದ್ಕೊಂಡಿದ್ಯಾ ಇಷ್ಟು ದಿನ?"

ಅವಳ ಕೈ ಮೇಲಿನ ಗುಂಡಿಯಲ್ಲೇ ನಿಂತಿತು. ಅವನೇ ಹತ್ತಿರ ಬಂದ.