ಹ್ಯಾಮಿಲ್ಟನ್ನಿನ ತೊಟ್ಟಿಲಲ್ಲಿ ಐರೀನ್

ಪರದೇಶದ ಹ್ಯಾಮಿಲ್ಟನ್ ಊರಿನಲ್ಲಿ ನಾನು ಬಸ್ಸಿಳಿದು ಗೆಳೆಯ ಬಸವರಾಜನ ಮನೆ ಸೇರುವಷ್ಟರಲ್ಲಿ ಅವನ ಮಗಳ ತೊಟ್ಟಿಲ ಕಾರ್ಯ ಅರ್ಧಕ್ಕೇ ನಿಂತಿತ್ತು. ಸೋದರತ್ತೆ ಹುಬ್ಬಳ್ಳಿಯಲ್ಲಿದ್ದುದರಿಂದ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವರು ಅವನ ತಾಯಿ ಶಾಂತವ್ವ. "ಅರ್ಥ ಗೊತ್ತಿಲ್ಲದ ಹೆಸರು ನಾ ಹೇಳಂಗಿಲ್ಲ" ಎಂದು ಅವರು ಕೂತುಬಿಟ್ಟಿದ್ದರು. ಸೊಸೆ ವಿದ್ಯಾ ಆರಿಸಿದ್ದ ಹೆಸರು ಐರೀನ್. ಇಲ್ಲಿನವರ ಬಾಯಿಗೆ ಸಲೀಸು ಎಂಬುದಷ್ಟೇ ಕಾರಣ.

ಓದಿದವನೆಂದು ಎಲ್ಲರೂ ನನ್ನತ್ತ ನೋಡಿದರು. ಗ್ರೀಕ್ ಹೆಸರೆಂದು ಎಲ್ಲೋ ಓದಿದ ನೆನಪು. ನನ್ನ ನೆನಪನ್ನು ನಾನೇ ನಂಬದ್ದರಿಂದ ಫೋನಿನಲ್ಲಿ ಹುಡುಕಿ ಹೇಳಿದೆ: "ಗ್ರೀಕರ ದೇವತೆಯೊಬ್ಬಳ ಹೆಸರು. ಅರ್ಥ, ಶಾಂತಿ."

ಶಾಂತವ್ವ ಸೊಸೆಯನ್ನು ನೋಡಿದರು. "ನನ್ನ ಹೆಸರ ಇಟ್ಟೀಯೇನ? ಮೊದಲ ಹೇಳಬಾರದ?"

ವಿದ್ಯಾ ನಿಜ ಹೇಳಲಿಲ್ಲ. ನಾನೂ ಹೇಳಲಿಲ್ಲ, ಅದು ಸೌಜನ್ಯವೋ ಹಸಿವೋ, ಈಗ ಖಚಿತವಿಲ್ಲ. ಅಜ್ಜಿ ತೊಟ್ಟಿಲಿಗೆ ಬಾಗಿ ಮೂರು ಸಲ ಹೆಸರು ಹೇಳಿದರು.

ಊಟಕ್ಕೆ ಕೂತಾಗ ಕೂಸು ಕಿರುಚತೊಡಗಿತು. "ಐರೀನ್, ಸಾಕು, ಸುಮ್ಮನಿರು" ಎಂದು ವಿದ್ಯಾ ಗದರಿದಳು.

"ಅತ್ತಿ ಹೆಸರ ಹಿಡದು ಬೈತಿಯೇನವಾ?" ಎಂದರು ಶಾಂತವ್ವ, ಹೋಳಿಗೆ ಮುರಿಯುತ್ತ. "ನಮ್ಮ ಕಡೆ ಆ ಪದ್ಧತಿ ಇಲ್ಲ."

ವಿದ್ಯಾ ಕೂಸನ್ನು ಎತ್ತಿಕೊಂಡಳು. "ಅಳಬ್ಯಾಡ್ರೀ" ಎಂದಳು ಮೂರು ತಿಂಗಳ ಮಗಳಿಗೆ, "ನಿಮಗ ಹಾಲು ಕೊಡ್ತೀನ್ರೀ."